ಕಾರಂತರ ಯಕ್ಷರಂಗ

ಕಾರ್ತಿಕ ಮಾಸದ ಒಂದು ರಾತ್ರಿ. ಕೊಯ್ಲು ಮುಗಿದು ಬರಿದಾದ ಗದ್ದೆ. ನಾಲ್ಕು ಮೂಲೆಗಳಲ್ಲಿ ನಾಲ್ಕು ಕಂಬಗಳನ್ನು ನೆಟ್ಟು, ಮಾವಿನ ಎಲೆಗಳ ತೋರಣ ಕಟ್ಟಿ, ರಂಗಸ್ಥಳವನ್ನು ಸಿದ್ಧಗೊಳಿಸಲಾಗಿದೆ. ಊಟ ಮುಗಿಸಿದ ಜನರು ಚಾಪೆ, ಕಂಬಳಿಗಳನ್ನು ಹೆಗಲಿಗೇರಿಸಿಕೊಂಡು ಗದ್ದೆಯ ಅಂಚಿನಲ್ಲಿ ಸಾಲುಸಾಲಾಗಿ ಬರುತ್ತಿದ್ದಾರೆ. ದೂರದಿಂದ ಚಂಡೆಯ ಸದ್ದು ಕೇಳಿಬರುತ್ತಿದೆ. ಆ ಸದ್ದು ಹರಿದಷ್ಟು ದೂರದವರೆಗೆ ಎಲ್ಲರಿಗೂ ಅದೇ ಆಮಂತ್ರಣ. ಉಡುಪಿ, ಕುಂದಾಪುರ, ಕಾಪು, ಕಾರ್ಕಳಗಳ ಹಳ್ಳಿಹಳ್ಳಿಗಳಲ್ಲಿ ತಲೆಮಾರುಗಳಿಂದ ಜನರನ್ನು ಹೀಗೆ ಕರೆದ ಕಲೆ ಯಕ್ಷಗಾನ. ದೀಪಾವಳಿಯ ಬಳಿಕ ತಿರುಗಾಟಕ್ಕೆ ಹೊರಡುವ ಮೇಳಗಳು ಮಳೆಗಾಲ ಹತ್ತಿರವಾಗುವ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ.

ಈ ಆಟವನ್ನು ಮೊದಲ ಬಾರಿ ನೋಡುವವನ ಕಣ್ಣು ಸಹಜವಾಗಿ ವೇಷಧಾರಿಗಳ ಮೇಲೆಯೇ ನಿಲ್ಲುತ್ತದೆ. ಹೊಳೆಯುವ ಕಿರೀಟ, ಎದೆಕಟ್ಟು, ಬಣ್ಣ ಬಳಿದ ಮುಖ, ವೇಗದ ಕುಣಿತ, ಇವುಗಳ ನಡುವೆ ರಂಗದ ಹಿಂಭಾಗದಲ್ಲಿ ಕುಳಿತ ಒಬ್ಬ ವ್ಯಕ್ತಿ ಅವನ ಗಮನಕ್ಕೆ ಬಾರದೆ ಹೋಗಬಹುದು. ಆ ವ್ಯಕ್ತಿಗೆ ಕಿರೀಟವಿಲ್ಲ. ತಲೆಗೊಂದು ಮುಂಡಾಸು, ಕೈಯಲ್ಲಿ ತಾಳ, ಅಷ್ಟೇ. ಆದರೆ ಇಡೀ ಆಟವು ನಡೆಯುವುದು ಅವನ ಇಂಗಿತದಂತೆ. ಆತನೇ ಭಾಗವತ. ಪದ್ಯವನ್ನು ಹಾಡುವವನು ಅವನು. ತಾಳವನ್ನು ಹಿಡಿದು ಲಯವನ್ನು ನಿರ್ಣಯಿಸುವವನು ಅವನು. ಪಾತ್ರವನ್ನು ರಂಗಕ್ಕೆ ಕರೆದು, ಮಾತನಾಡಿಸಿ, ಮರಳಿ ಚೌಕಿಗೆ ಕಳುಹಿಸುವವನೂ ಅವನೇ. ಮದ್ದಳೆ, ಚಂಡೆಗಳ ವಾದಕರು ಅವನ ಮುಖವನ್ನು ನೋಡಿ ನುಡಿಸುತ್ತಾರೆ. ವೇಷಧಾರಿಯು ಅವನ ಕಂಠವನ್ನು ಆಲಿಸಿ ಹೆಜ್ಜೆಯಿಡುತ್ತಾನೆ. ವೇಷವನ್ನೇ ಹಾಕದ ಭಾಗವತನನ್ನು ಮೇಳದ ‘ಒಂದನೆಯ ವೇಷ’ವೆಂದು ಕರೆಯುವ ವಾಡಿಕೆಯಲ್ಲಿ ಅಡಗಿರುವ ಅರ್ಥ ಇದೇ.

ಪಾಶ್ಚಾತ್ಯ ದೇಶಗಳ ವಾದ್ಯಮೇಳಗಳಲ್ಲಿಯೂ ಇಂತಹ ಒಬ್ಬ ನಿರ್ವಾಹಕನಿರುತ್ತಾನೆ. ಹತ್ತಾರು ವಾದಕರ ಮುಂದೆ ನಿಂತು, ಕೈಯಲ್ಲೊಂದು ಸಣ್ಣ ಕೋಲನ್ನು ಹಿಡಿದು, ಅವರೆಲ್ಲರನ್ನೂ ಒಂದೇ ಲಯದಲ್ಲಿ ನಡೆಸುವುದು ಅವನ ಕೆಲಸ. ಹಿಂದಿನ ಕಾಲದಲ್ಲಿ ಸಣ್ಣ ಕೋಲಿನ ಬದಲು ಭಾರವಾದ ದಂಡವನ್ನು ನೆಲಕ್ಕೆ ಕುಟ್ಟಿ ತಾಳ ಹಾಕುವ ಕ್ರಮವೂ ಇದ್ದಿತು. ಫ್ರಾನ್ಸಿನ ಅರಮನೆಯ ಸಂಗೀತಗಾರನಾಗಿದ್ದ ಲುಲ್ಲಿ ಎಂಬಾತನು ಹೀಗೆ ತಾಳ ಹಾಕುತ್ತಿದ್ದಾಗ ದಂಡವು ಅವನ ಕಾಲಿಗೇ ತಗುಲಿ, ಆ ಗಾಯವು ಕೀವುಗಟ್ಟಿ, 1687ರಲ್ಲಿ ಅವನು ಮರಣಹೊಂದಿದನು. ಪಾಶ್ಚಾತ್ಯ ನಿರ್ವಾಹಕನು ಸಭಿಕರಿಗೆ ಬೆನ್ನು ಹಾಕಿ ನಿಲ್ಲುತ್ತಾನೆ. ತಾನು ಹಾಡುವುದಿಲ್ಲ, ನುಡಿಸುವುದಿಲ್ಲ. ನಮ್ಮ ಭಾಗವತನಾದರೋ ಸಭಿಕರಿಗೆ ಎದುರಾಗಿ ಕುಳಿತು, ತಾನೇ ಹಾಡುತ್ತ, ತಾನೇ ತಾಳ ಹಾಕುತ್ತ ಮೇಳವನ್ನು ನಡೆಸುತ್ತಾನೆ. ರೀತಿ ಬೇರೆಯಾದರೂ ಹೊಣೆ ಒಂದೇ: ಅನೇಕರ ಪ್ರತಿಭೆಯನ್ನು ಒಂದು ಕೃತಿಯಾಗಿ ಕೂಡಿಸುವುದು.

ಇಂತಹ ಹೊಣೆಯನ್ನು ಒಂದು ರಾತ್ರಿಯ ಆಟದ ಮಟ್ಟಿಗೆ ಹೊತ್ತವರು ಕರಾವಳಿಯಲ್ಲಿ ಅನೇಕರಿದ್ದಾರೆ. ಆದರೆ ಯಕ್ಷಗಾನವೆಂಬ ಕಲೆಯನ್ನೇ ಒಂದು ಕೃತಿಯೆಂದು ಭಾವಿಸಿ, ಅದರ ಹಾಡು, ಕುಣಿತ, ವೇಷ, ಬೆಳಕುಗಳನ್ನೆಲ್ಲ ಹೊಸದಾಗಿ ಹೊಂದಿಸಲು ತಮ್ಮ ಬಾಳಿನ ಬಹುಭಾಗವನ್ನು ಸವೆಸಿದವರು ಕೋಟ ಶಿವರಾಮ ಕಾರಂತರು. ಕಾದಂಬರಿಕಾರರೆಂದು ನಾಡಿಗೆಲ್ಲ ಪರಿಚಿತರಾದ ಅವರ ಈ ಇನ್ನೊಂದು ಮುಖವು ವಿದ್ಯಾರ್ಥಿಗಳು ಅರಿಯಬೇಕಾದದ್ದು.

ಕಾರಂತರು ಜನಿಸಿದ್ದು 1902ನೇ ಇಸವಿ ಅಕ್ಟೋಬರ್ 10ರಂದು, ಈಗಿನ ಉಡುಪಿ ಜಿಲ್ಲೆಗೆ ಸೇರಿದ ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಒಂದು ಕಡೆ ಮೊರೆಯುವ ಕಡಲು, ಇನ್ನೊಂದು ಕಡೆ ಹಸುರು ಗದ್ದೆಗಳು. ಇವುಗಳ ನಡುವೆ ಬೆಳೆದ ಬಾಲಕನಿಗೆ ಯಕ್ಷಗಾನವು ನೆರೆಮನೆಯ ಸಂಗತಿಯಷ್ಟೇ ಸಹಜವಾಗಿದ್ದಿತು. ಆ ಪರಿಸರವೇ ಅಂತಹದು. ಕೋಟಕ್ಕೆ ಅನತಿದೂರದಲ್ಲಿರುವ ಬ್ರಹ್ಮಾವರಕ್ಕೆ ಅಜಪುರವೆಂಬ ಹಳೆಯ ಹೆಸರಿದೆ. ಆ ಅಜಪುರದ ವಿಷ್ಣು ಎಂಬ ಕವಿಯು ಹದಿನಾರನೆಯ ಶತಮಾನದಷ್ಟು ಹಿಂದೆಯೇ ‘ವಿರಾಟಪರ್ವ’ವೆಂಬ ಪ್ರಸಂಗವನ್ನು ರಚಿಸಿದ್ದನು. ಕಾರ್ಕಳದ ಕಡೆಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನು, ಮುದ್ದಣನೆಂಬ ಹೆಸರಿನಿಂದ ಕನ್ನಡಿಗರಿಗೆಲ್ಲ ಪ್ರಿಯನಾದವನು, ಶಾಲೆಯಲ್ಲಿ ವ್ಯಾಯಾಮ ಶಿಕ್ಷಕನಾಗಿ ದುಡಿಯುತ್ತಲೇ ‘ರತ್ನಾವತಿ ಕಲ್ಯಾಣ’, ‘ಕುಮಾರ ವಿಜಯ’ ಎಂಬ ಪ್ರಸಂಗಗಳನ್ನು ಬರೆದನು. ಬಡತನ ಮತ್ತು ಕ್ಷಯರೋಗಗಳಿಂದ ಬಳಲಿ 1901ರಲ್ಲಿ ಅವನು ತೀರಿಕೊಂಡ ಮರುವರ್ಷವೇ ಕಾರಂತರು ಹುಟ್ಟಿದರು.

ಕಾರಂತರು ಕಾಲೇಜಿಗೆ ಸೇರಿದ ದಿನಗಳಲ್ಲಿ ದೇಶದಲ್ಲಿ ಅಸಹಕಾರ ಚಳವಳಿಯ ಗಾಳಿ ಬೀಸುತ್ತಿದ್ದಿತು. ಗಾಂಧೀಜಿಯವರ ಕರೆಗೆ ಓಗೊಟ್ಟು ಅವರು ಓದನ್ನು ಅರ್ಧದಲ್ಲಿಯೇ ಬಿಟ್ಟರು. ಅಲ್ಲಿಂದ ಮುಂದೆ ಅವರಿಗೆ ಜಗತ್ತೇ ಪಾಠಶಾಲೆಯಾಯಿತು. ಪುತ್ತೂರಿನಲ್ಲಿ ನೆಲೆಸಿ, ಅಲ್ಲಿ ಮಕ್ಕಳಿಗಾಗಿ ‘ಬಾಲವನ’ವನ್ನು ಕಟ್ಟಿದರು. ಹಾಡು, ಕುಣಿತ, ನಾಟಕಗಳ ಮೂಲಕ ಮಕ್ಕಳಿಗೆ ಕಲಿಸಬೇಕೆಂಬುದು ಅವರ ಹಂಬಲ. ಪತ್ರಿಕೆಯನ್ನು ನಡೆಸಿದರು, ನಾಟಕಗಳನ್ನು ಆಡಿಸಿದರು, ಚಲನಚಿತ್ರಕ್ಕೂ ಕೈಹಾಕಿದರು, ಮಕ್ಕಳಿಗಾಗಿ ವಿಶ್ವಕೋಶವನ್ನು ರಚಿಸಿದರು. 1933ರಲ್ಲಿ ಪ್ರಕಟವಾದ ‘ಚೋಮನ ದುಡಿ’ಯೂ ಸೇರಿದಂತೆ ನಲವತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ತಮ್ಮ ಆತ್ಮಕಥೆಗೆ ಅವರು ಕೊಟ್ಟ ಹೆಸರು ‘ಹುಚ್ಚು ಮನಸ್ಸಿನ ಹತ್ತು ಮುಖಗಳು’. ಮುಖಗಳು ಹತ್ತಾದರೂ ಮನಸ್ಸು ಒಂದೇ ಎಂಬುದನ್ನು ಓದುಗನು ಮರೆಯಬಾರದು. ಯಾವುದನ್ನೂ ಸ್ವತಃ ಪರೀಕ್ಷಿಸದೆ ಒಪ್ಪದ ಮನಸ್ಸು ಅದು.

ಸಂಗೀತ ಮತ್ತು ನೃತ್ಯಗಳಲ್ಲಿಯೂ ಅವರು ಹೀಗೆಯೇ ಹುಡುಕುತ್ತ ನಡೆದರು. ಪಾಶ್ಚಾತ್ಯ ಸಂಗೀತವನ್ನು ಆಸಕ್ತಿಯಿಂದ ಆಲಿಸಿದರು. ಮಾತಿಗಿಂತ ಹಾಡಿಗೆ ಪ್ರಾಧಾನ್ಯವಿರುವ ಗೀತನಾಟಕಗಳನ್ನು ಬರೆದರು, ನೃತ್ಯರೂಪಕಗಳನ್ನು ಹೂಡಿದರು. ಈ ಪ್ರಯೋಗಗಳು ಅವರಿಗೆ ಒಂದು ಪಾಠವನ್ನು ಕಲಿಸಿದವು. ಹಾಡು, ಕುಣಿತ, ಅಭಿನಯ, ಬಣ್ಣ ಇವೆಲ್ಲವೂ ಬೆರೆತ ಸಮಗ್ರ ರಂಗಕಲೆಯೊಂದನ್ನು ಹೊರಗಿನಿಂದ ತಂದು ನೆಡುವುದು ಕಷ್ಟ. ಅಂತಹ ಕಲೆಯು ತಮ್ಮ ಹುಟ್ಟೂರಿನ ಗದ್ದೆಯಲ್ಲಿಯೇ ಬೇರೂರಿ ನಿಂತಿದೆ. ಹೀಗೆ ದೂರ ಅಲೆದ ಮನಸ್ಸು ಯಕ್ಷಗಾನಕ್ಕೆ ಮರಳಿತು.

ಮರಳಿದ ಮೇಲೆ ಅವರು ಮಾಡಿದ ಮೊದಲ ಕೆಲಸವೆಂದರೆ ಅಧ್ಯಯನ. ಹಳ್ಳಿಗಳನ್ನು ಸುತ್ತಿ ಓಲೆಗರಿಯ ಪ್ರತಿಗಳನ್ನು ಹುಡುಕಿದರು. ಹಿರಿಯ ಭಾಗವತರ ಬಾಯಿಂದ ಹಳೆಯ ಮಟ್ಟುಗಳನ್ನು ಕೇಳಿದರು. ಮುದಿ ವೇಷಧಾರಿಗಳಿಂದ ಹೆಜ್ಜೆಗಳನ್ನು ಅರಿತುಕೊಂಡರು. ಈ ಶ್ರಮದ ಫಲವಾಗಿ ‘ಯಕ್ಷಗಾನ ಬಯಲಾಟ’ ಎಂಬ ಗ್ರಂಥವು ಹೊರಬಂದಿತು. 1959ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಕಾರಂತರಿಗೆ ಆ ಪ್ರಶಸ್ತಿಯನ್ನು ತಂದುಕೊಟ್ಟದ್ದು ಅವರ ಕಾದಂಬರಿಯಲ್ಲ, ಹಳ್ಳಿಯ ಬಯಲಾಟವನ್ನು ಕುರಿತ ಈ ಗ್ರಂಥವೆಂಬುದು ಗಮನಾರ್ಹ. ಅದುವರೆಗೆ ಹಳ್ಳಿಗರ ಮನರಂಜನೆಯೆಂದು ವಿದ್ಯಾವಂತರು ಉದಾಸೀನ ಮಾಡುತ್ತಿದ್ದ ಕಲೆಯು ಪಂಡಿತರ ಪಂಕ್ತಿಯಲ್ಲಿ ಸ್ಥಾನ ಪಡೆಯಿತು.

ಅಧ್ಯಯನವು ಅವರಿಗೆ ಸಂತೋಷವನ್ನು ತಂದಂತೆಯೇ ಕಳವಳವನ್ನೂ ತಂದಿತು. ಹಳೆಯ ಪ್ರಸಂಗಗಳ ಪದ್ಯಗಳ ಮೇಲೆ ಬರೆದಿಟ್ಟಿದ್ದ ರಾಗಗಳ ಹೆಸರುಗಳು ಹಲವು. ಆದರೆ ರಂಗದ ಮೇಲೆ ಕೇಳಿಬರುತ್ತಿದ್ದ ರಾಗಗಳು ಕೆಲವೇ. ಉಳಿದವುಗಳ ಮಟ್ಟುಗಳನ್ನು ಬಲ್ಲವರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದರು. ನಾಟಕ ಕಂಪನಿಗಳ ಪ್ರಭಾವದಿಂದ ವೆಲ್ವೆಟ್ಟಿನ ನಿಲುವಂಗಿಗಳೂ ಥಳಕಿನ ಉಡುಪುಗಳೂ ಚೌಕಿಯನ್ನು ಹೊಕ್ಕಿದ್ದವು. ಎಣ್ಣೆದೀಪದ ಮಂದ ಬೆಳಕಿಗಾಗಿ ರೂಪುಗೊಂಡ ಮುಖವರ್ಣಿಕೆಯು ಕಣ್ಣು ಕೋರೈಸುವ ವಿದ್ಯುದ್ದೀಪದ ಕೆಳಗೆ ತನ್ನ ಸೊಬಗನ್ನು ಕಳೆದುಕೊಂಡಿತ್ತು. ಟಿಕೇಟಿನ ಡೇರೆ ಮೇಳಗಳು ಬಂದ ಮೇಲೆ ಜನರನ್ನು ಸೆಳೆಯುವುದೇ ಮುಖ್ಯವಾಗಿ, ಹಾಸ್ಯವೂ ಮಾತೂ ಮಿತಿಮೀರಿ ಬೆಳೆದು ಕುಣಿತವು ಮೊಟಕುಗೊಳ್ಳುತ್ತಿದ್ದಿತು. ಜನರು ಸಂಪ್ರದಾಯವೆಂದು ನಂಬಿ ನೋಡುತ್ತಿದ್ದುದು ಆಗಲೇ ಬದಲಾಗಿಹೋಗಿದ್ದಿತು ಎಂಬುದನ್ನು ಕಾರಂತರು ಮನಗಂಡರು.

ಇಲ್ಲಿಂದ ಅವರ ಪ್ರಯೋಗದ ಎರಡನೆಯ ಘಟ್ಟವು ಆರಂಭವಾಗುತ್ತದೆ. ವೃತ್ತಿಮೇಳಗಳಲ್ಲಿ ನುರಿತ ಕಲಾವಿದರನ್ನು ಕೂಡಿಸಿಕೊಂಡು ಅವರು ಯಕ್ಷಗಾನದ ಹೊಸ ಪ್ರದರ್ಶನಗಳನ್ನು ಅಣಿಗೊಳಿಸಿದರು. ಇದೇ ಮುಂದೆ ‘ಯಕ್ಷರಂಗ’ವೆಂದು ಹೆಸರಾಯಿತು. ‘ಅಭಿಮನ್ಯು ವಧೆ’, ‘ನಳ ದಮಯಂತಿ’, ‘ಪಂಚವಟಿ’, ‘ಭೀಷ್ಮ ವಿಜಯ’ ಮೊದಲಾದ ಪ್ರಸಂಗಗಳು ಈ ರಂಗದಲ್ಲಿ ಹೊಸ ರೂಪವನ್ನು ತಾಳಿದವು.

ಯಕ್ಷರಂಗದಲ್ಲಿ ಕಾರಂತರು ಮಾಡಿದ ಮಾರ್ಪಾಡುಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು ಕಾಲಕ್ಕೆ ಸಂಬಂಧಿಸಿದ್ದು. ಇರುಳಿಡೀ ನಡೆಯುವ ಆಟವನ್ನು ಅವರು ಎರಡು ಮೂರು ಗಂಟೆಗಳಿಗೆ ಇಳಿಸಿದರು. ಪ್ರಸಂಗದ ನೂರಾರು ಪದ್ಯಗಳಲ್ಲಿ ಕಥೆಯ ತಿರುಳನ್ನು ಹೊತ್ತವುಗಳನ್ನು ಮಾತ್ರ ಆರಿಸಿ, ಒಂದರೊಡನೊಂದು ಕೊಂಡಿ ತಪ್ಪದಂತೆ ಜೋಡಿಸಿದರು. ಎರಡನೆಯದು ಮಾತಿಗೆ ಸಂಬಂಧಿಸಿದ್ದು. ಪದ್ಯವನ್ನು ಭಾಗವತನು ಹಾಡಿದ ಬಳಿಕ ಅದರ ಭಾವವನ್ನು ವೇಷಧಾರಿಯು ತನ್ನ ಸ್ವಂತ ಮಾತುಗಳಲ್ಲಿ ವಿಸ್ತರಿಸುವುದು ಬಯಲಾಟದ ಪದ್ಧತಿ. ಕಾರಂತರು ಈ ಮಾತನ್ನು ಸಂಪೂರ್ಣವಾಗಿ ತೆಗೆದುಹಾಕಿ, ಹಾಡು ಮತ್ತು ಕುಣಿತಗಳ ಮೂಲಕವೇ ಕಥೆಯನ್ನು ನಡೆಸಿದರು. ಕನ್ನಡವನ್ನರಿಯದ ನೋಡುಗನಿಗೂ ಆಟವು ಅರ್ಥವಾಗಬೇಕೆಂಬುದು ಅವರ ಉದ್ದೇಶವಾಗಿದ್ದಿತು.

ಮೂರನೆಯ ಮಾರ್ಪಾಡು ಸಂಗೀತದ್ದು. ಭಾಗವತನು ರಾಗವನ್ನು ಹೇಗೆ ಬಳಸಬೇಕೆಂಬುದರ ಬಗ್ಗೆ ಕಾರಂತರಿಗೆ ಖಚಿತವಾದ ಅಭಿಪ್ರಾಯವಿದ್ದಿತು. ಯಕ್ಷಗಾನದ ಹಾಡು ಸಂಗೀತ ಕಚೇರಿಯ ಹಾಡಲ್ಲ. ಕಚೇರಿಯಲ್ಲಿ ಗಾಯಕನು ರಾಗವನ್ನು ತನ್ನ ಪ್ರತಿಭೆಗೆ ತಕ್ಕಂತೆ ಬೆಳೆಸಬಹುದು. ರಂಗದ ಮೇಲಾದರೋ ಹಾಡು ಪಾತ್ರದ ಮನಸ್ಥಿತಿಯನ್ನು ಹೇಳಬೇಕು, ಕುಣಿತಕ್ಕೆ ಜೀವ ತುಂಬಬೇಕು, ಕಥೆಯನ್ನು ಮುಂದೆ ಸಾಗಿಸಬೇಕು. ಆದುದರಿಂದ ಸನ್ನಿವೇಶದ ರಸಕ್ಕೆ ಹೊಂದುವ ರಾಗವನ್ನೂ ಲಯವನ್ನೂ ಅವರು ಆರಿಸಿದರು. ಬಳಕೆ ತಪ್ಪಿದ ಹಳೆಯ ಮಟ್ಟುಗಳಿಗೆ ಮರುಜೀವ ಕೊಡಲು ಯತ್ನಿಸಿದರು. ಚಂಡೆ, ಮದ್ದಳೆಗಳ ಜೊತೆಗೆ ವಯೊಲಿನ್ ಮತ್ತು ಸ್ಯಾಕ್ಸೊಫೋನ್‌ಗಳನ್ನೂ ಹಿಮ್ಮೇಳಕ್ಕೆ ಸೇರಿಸಿದರು. ಚರ್ಮವಾದ್ಯಗಳು ಲಯವನ್ನು ನುಡಿಯಬಲ್ಲವೇ ಹೊರತು ಸ್ವರವನ್ನು ಎಳೆದು ನಿಲ್ಲಿಸಲಾರವು. ಶೋಕ, ವಿರಹ, ಚಿಂತೆಗಳಂತಹ ಭಾವಗಳಿಗೆ ದೀರ್ಘವಾದ ಸ್ವರದ ಆಸರೆ ಬೇಕು. ಆ ಕೊರತೆಯನ್ನು ತಂತಿವಾದ್ಯವೂ ಊದುವಾದ್ಯವೂ ತುಂಬಿಕೊಡಬಲ್ಲವು.

ನಾಲ್ಕನೆಯದು ವೇಷಭೂಷಣ. ಇಲ್ಲಿ ಕಾರಂತರು ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಹೋದರು. ನಾಟಕ ಕಂಪನಿಗಳಿಂದ ಬಂದ ಥಳಕನ್ನು ಕಿತ್ತೊಗೆದು, ಹಳೆಯ ಮುಂಡಾಸು, ಕೇದಗೆ ಮುಂದಲೆ, ಕೆಂಪು ಕಪ್ಪು ಬಣ್ಣಗಳ ಕಸೆಸೀರೆ ಮೊದಲಾದವುಗಳಿಗೆ ಮತ್ತೆ ಮನ್ನಣೆ ನೀಡಿದರು. ಹೊಸ ವಾದ್ಯವನ್ನು ತಂದವರೂ ಅವರೇ, ಹಳೆಯ ವೇಷವನ್ನು ಮರಳಿ ತಂದವರೂ ಅವರೇ. ಇದರಲ್ಲಿ ವಿರೋಧಾಭಾಸವಿದೆಯೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಹೊಸದು ಹಳೆಯದು ಎಂಬ ಭೇದವು ಅವರಿಗೆ ಮುಖ್ಯವಾಗಿರಲಿಲ್ಲ. ಕಲೆಯ ಸ್ವಭಾವಕ್ಕೆ ಹೊಂದುತ್ತದೆಯೇ ಇಲ್ಲವೇ ಎಂಬುದೊಂದೇ ಅವರ ಒರೆಗಲ್ಲು.

ಈ ಮಾರ್ಪಾಡುಗಳು ಕಲಾವಿದನಿಂದ ಎಷ್ಟನ್ನು ಬೇಡುತ್ತವೆ ಎಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಚಕ್ರವ್ಯೂಹವನ್ನು ಭೇದಿಸಲು ಹೊರಟ ಅಭಿಮನ್ಯುವನ್ನು ನೆನೆದುಕೊಳ್ಳಿರಿ. ಒಳಹೋಗುವ ದಾರಿಯನ್ನು ಬಲ್ಲನು, ಹೊರಬರುವ ದಾರಿಯನ್ನು ಅರಿಯನು. ಬಯಲಾಟದಲ್ಲಿ ವೇಷಧಾರಿಯು ಈ ಸಂಕಟವನ್ನು ಮಾತಿನಲ್ಲಿ ಹೇಳಿಬಿಡಬಹುದು. ಮಾತಿಲ್ಲದ ರಂಗದಲ್ಲಿ ಅದನ್ನು ಹೇಳುವುದು ಹೇಗೆ? ಬಾಲವೀರನ ಉತ್ಸಾಹವು ಬಿರುಸಾದ ಹೆಜ್ಜೆಯಲ್ಲಿ ಕಾಣಬೇಕು. ತಾಯಿಯನ್ನು ಬೀಳ್ಕೊಳ್ಳುವಾಗಿನ ಹಿಂಜರಿಕೆ ನಿಧಾನವಾದ ನಡೆಯಲ್ಲಿ ಕಾಣಬೇಕು. ಸುತ್ತುವರಿದ ವೈರಿಗಳ ನಡುವೆ ಅವನು ಒಂಟಿಯಾದುದು ತಾಳದ ಬದಲಾವಣೆಯಿಂದಲೇ ನೋಡುಗನ ಎದೆಗೆ ತಟ್ಟಬೇಕು. ಭಾಗವತನು ಒಂದು ಕ್ಷಣ ತಡವಾಗಿ ಪದ್ಯವನ್ನೆತ್ತಿದರೆ, ಮದ್ದಳೆಯವನು ಒಂದು ಪೆಟ್ಟು ಹೆಚ್ಚಾಗಿ ನುಡಿಸಿದರೆ, ಕಟ್ಟಿದ ಭಾವವು ಒಡೆದುಹೋಗುತ್ತದೆ. ಮಾತಿನ ಮರೆ ಇಲ್ಲದಾಗ ಪ್ರತಿಯೊಂದು ತಪ್ಪೂ ಬಯಲಾಗುತ್ತದೆ. ಆದುದರಿಂದಲೇ ಯಕ್ಷರಂಗಕ್ಕೆ ಮೊದಲೇ ಕುಳಿತು ಅಭ್ಯಾಸ ಮಾಡುವ ಶಿಸ್ತು ಅಗತ್ಯವಾಯಿತು. ವೃತ್ತಿಮೇಳಗಳ ಕಲಾವಿದರಿಗೆ ಇದು ಹೊಸ ಅನುಭವ. ದಿನವೂ ಆಟವಾಡುವ ಅವರು ಅನುಭವದ ಬಲದಿಂದಲೇ ರಂಗವನ್ನೇರುತ್ತಿದ್ದರು.

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ, ಸಾವಿರಾರು ಮೈಲಿಗಳಾಚೆ, ಇಂಗ್ಲೆಂಡಿನಲ್ಲಿ ಒಬ್ಬ ಸಂಗೀತ ರಚನಕಾರನು ಇಂತಹುದೇ ಸರಳತೆಯನ್ನು ಅರಸುತ್ತಿದ್ದನು. ಅವನ ಹೆಸರು ಗುಸ್ತಾವ್ ಹೋಲ್ಸ್ಟ್. 1874ರಲ್ಲಿ ಹುಟ್ಟಿದ ಅವನು ಮೊದಲು ವಾದ್ಯಮೇಳಗಳಲ್ಲಿ ಟ್ರೊಂಬೋನ್ ಎಂಬ ಊದುವಾದ್ಯವನ್ನು ನುಡಿಸಿ ಜೀವನ ಸಾಗಿಸಿದನು. 1905ರಿಂದ 1934ರಲ್ಲಿ ತೀರಿಕೊಳ್ಳುವವರೆಗೆ ಲಂಡನ್ನಿನ ಬಾಲಿಕೆಯರ ಶಾಲೆಯೊಂದರಲ್ಲಿ ಸಂಗೀತದ ಅಧ್ಯಾಪಕನಾಗಿದ್ದನು. ಭಾರತದ ಕಾವ್ಯಗಳಲ್ಲಿ ಅವನಿಗೆ ಅಪಾರ ಆಸಕ್ತಿ. ಅನುವಾದಗಳಿಂದ ತೃಪ್ತನಾಗದೆ ಸಂಸ್ಕೃತವನ್ನು ಕಲಿತು, ಋಗ್ವೇದದ ಸೂಕ್ತಗಳನ್ನು ತಾನೇ ಇಂಗ್ಲಿಷಿಗೆ ತಂದು ಅವುಗಳಿಗೆ ಸ್ವರ ಹೊಂದಿಸಿದನು. ಮಹಾಭಾರತದ ಸಾವಿತ್ರಿಯ ಕಥೆಯನ್ನು ಆಧರಿಸಿ ಅವನು 1908ರಲ್ಲಿ ರಚಿಸಿದ ಗೀತನಾಟಕದಲ್ಲಿ ಇರುವುದು ಮೂರೇ ಪಾತ್ರಗಳು: ಸಾವಿತ್ರಿ, ಸತ್ಯವಾನ ಮತ್ತು ಯಮ. ವಾದಕರು ಹನ್ನೆರಡೇ ಮಂದಿ. ಪರದೆಯಿಲ್ಲದೆ ಬಯಲಿನಲ್ಲಿಯೂ ಆಡಬಹುದಾದ ರಚನೆ ಅದು. ವಾದ್ಯಗಳ ಆರ್ಭಟವಿಲ್ಲದೆ, ಮರೆಯಲ್ಲಿ ನಿಂತ ಯಮನ ಒಂಟಿ ಕಂಠದಿಂದ ಅದು ಆರಂಭವಾಗುತ್ತದೆ. 1916ರಲ್ಲಿ ಅದು ಲಂಡನ್ನಿನಲ್ಲಿ ಮೊದಲ ಬಾರಿ ಪ್ರದರ್ಶಿತವಾಯಿತು. ಹೋಲ್ಸ್ಟ್ ಭಾರತಕ್ಕೆ ಬಂದವನಲ್ಲ. ಕಾರಂತರಿಗೂ ಅವನಿಗೂ ಭೇಟಿಯಾಗಿರಲಿಲ್ಲ. ಇಬ್ಬರ ನಡುವೆ ಇರುವುದು ಪ್ರಭಾವವಲ್ಲ, ಸ್ವಭಾವದ ಹೋಲಿಕೆ. ಇಬ್ಬರೂ ಮಕ್ಕಳಿಗೆ ಕಲಿಸಿದವರು. ಇಬ್ಬರೂ ಆಡಂಬರವನ್ನು ಕಳೆದು ತಿರುಳನ್ನು ಉಳಿಸಲು ಯತ್ನಿಸಿದವರು.

ಕಾರಂತರ ದಾರಿ ಸುಗಮವಾಗಿರಲಿಲ್ಲ. ಅವರ ಪ್ರಯೋಗಗಳನ್ನು ಮೆಚ್ಚಿದವರಷ್ಟೇ ಕಟುವಾಗಿ ಟೀಕಿಸಿದವರೂ ಇದ್ದರು. ಆ ಟೀಕೆಗಳಲ್ಲಿ ಹುರುಳಿರಲಿಲ್ಲವೆಂದು ಹೇಳುವಂತಿಲ್ಲ. ಯಕ್ಷಗಾನದ ಮಾತುಗಾರಿಕೆ ಸಾಮಾನ್ಯವಾದ ಸಂಭಾಷಣೆಯಲ್ಲ. ಬರೆದಿಟ್ಟ ಮಾತನ್ನು ಒಪ್ಪಿಸದೆ, ಆ ಕ್ಷಣದಲ್ಲಿಯೇ ಕಲ್ಪಿಸಿ ಆಡುವ ವಾಗ್ವಿಲಾಸ ಅದು. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆ ಶಂಕರನಾರಾಯಣ ಸಾಮಗರು ಮೊದಲಾದ ಅರ್ಥಧಾರಿಗಳ ಬಾಯಲ್ಲಿ ಪುರಾಣದ ಪಾತ್ರಗಳು ಹೊಸ ವಿಚಾರಗಳನ್ನು ಮಂಡಿಸುತ್ತಿದ್ದವು. ಅಕ್ಷರವನ್ನರಿಯದ ರೈತನೂ ಧರ್ಮಾಧರ್ಮಗಳ ಸೂಕ್ಷ್ಮವನ್ನು ಕೇಳಿ ತಿಳಿಯುತ್ತಿದ್ದನು. ಅಂತಹ ಮಾತನ್ನು ತೆಗೆದರೆ ಯಕ್ಷಗಾನವು ಅರ್ಧವಾಗುವುದಿಲ್ಲವೆ? ಇರುಳಿಡೀ ಎಚ್ಚರವಿದ್ದು, ಮುಂಜಾವಿನ ಮಂಗಳವನ್ನು ಕೇಳಿ ಮನೆಗೆ ಮರಳುವ ಭಕ್ತನಿಗೆ ಅದು ಹರಕೆಯ ಸೇವೆಯೂ ಹೌದು. ಎರಡು ಗಂಟೆಗಳಲ್ಲಿ ಮುಗಿಯುವ ಪ್ರದರ್ಶನವು ಆ ಭಾವವನ್ನು ಕೊಡಬಲ್ಲುದೆ? ಚಂಡೆಯ ಗಂಡುದನಿಯ ಬದಿಯಲ್ಲಿ ವಯೊಲಿನ್ನಿನ ನುಣುಪು ಹೊಂದುವುದೆ? ಇವು ಕಲೆಯನ್ನು ಪ್ರೀತಿಸುವವರು ಕೇಳಿದ ಪ್ರಶ್ನೆಗಳು.

ಈ ಪ್ರಶ್ನೆಗಳಿಗೆ ಕಾರಂತರ ಕಡೆಯಿಂದ ದೊರೆಯುವ ಉತ್ತರವೂ ತೂಕವುಳ್ಳದ್ದು. ಕಲೆಯು ಬದಲಾಗಬೇಕೋ ಬೇಡವೋ ಎಂಬ ಆಯ್ಕೆ ಯಾರ ಕೈಯಲ್ಲಿಯೂ ಇಲ್ಲ. ಅದು ಬದಲಾಗುತ್ತಲೇ ಇದೆ. ವಿಚಾರವಿಲ್ಲದೆ, ಕೇವಲ ಗಲ್ಲಾಪೆಟ್ಟಿಗೆಯನ್ನು ನೋಡಿ ಆಗುವ ಬದಲಾವಣೆಯೊಂದು. ಕಲೆಯ ಒಡಲನ್ನು ಅರಿತು, ಹೊಣೆಯಿಂದ ಮಾಡುವ ಬದಲಾವಣೆ ಇನ್ನೊಂದು. ಇವೆರಡರ ನಡುವೆ ಮಾತ್ರ ಆರಿಸಿಕೊಳ್ಳಲು ಸಾಧ್ಯ. ಕಾರಂತರು ಇರುಳಿಡೀ ನಡೆಯುವ ಆಟವನ್ನು ಅಳಿಸಿಹಾಕಲಿಲ್ಲ. ಅದರ ಬದಿಯಲ್ಲಿ ಇನ್ನೊಂದು ರೂಪವನ್ನು ನಿಲ್ಲಿಸಿದರು. ಯಾವುದು ನಿಲ್ಲಬೇಕು, ಯಾವುದು ಬೀಳಬೇಕು ಎಂಬುದನ್ನು ಕಾಲಕ್ಕೆ ಬಿಟ್ಟರು.

ಪ್ರಯೋಗವು ಒಬ್ಬನ ಜೀವಮಾನಕ್ಕೆ ಮುಗಿಯಬಾರದು. ವಿದ್ಯೆಯನ್ನು ಮುಂದಿನವರಿಗೆ ದಾಟಿಸುವ ವ್ಯವಸ್ಥೆ ಬೇಕು. ಯಕ್ಷಗಾನದ ಕಲಿಕೆಗೆ ಆವರೆಗೆ ಶಾಲೆ ವಿರಳವಾಗಿದ್ದಿತು. ಬಾಲಕನು ಮೇಳವನ್ನು ಸೇರಿ, ಚೌಕಿಯಲ್ಲಿ ಹಿರಿಯರ ಸೇವೆ ಮಾಡುತ್ತ, ಕೋಡಂಗಿ, ಬಾಲಗೋಪಾಲ ವೇಷಗಳಿಂದ ಆರಂಭಿಸಿ, ನೋಡಿ ನೋಡಿ ಕಲಿಯಬೇಕಾಗಿದ್ದಿತು. 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರವು ಸ್ಥಾಪನೆಗೊಂಡಾಗ ಈ ಕೊರತೆ ನೀಗತೊಡಗಿತು. ಮಣಿಪಾಲದ ನಿರ್ಮಾತೃ ಡಾ. ಟಿ. ಎಂ. ಎ. ಪೈಯವರು 1949ರಲ್ಲಿ ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜನ್ನು ಸ್ಥಾಪಿಸಿದ್ದರು. ಆ ಕಾಲೇಜಿನ ಪ್ರಾಂಶುಪಾಲರಾಗಿದ್ದ ಕು. ಶಿ. ಹರಿದಾಸ ಭಟ್ಟರು ಜಾನಪದ ಕಲೆಗಳ ವಿಷಯದಲ್ಲಿ ಅಪಾರ ಶ್ರದ್ಧೆಯುಳ್ಳವರು. ಅವರ ಸಂಘಟನಾ ಶಕ್ತಿ, ಮಣಿಪಾಲದ ಶಿಕ್ಷಣ ಸಂಸ್ಥೆಯ ಆಶ್ರಯ, ಕಾರಂತರ ಮಾರ್ಗದರ್ಶನ ಇವು ಮೂರೂ ಕೂಡಿದ ಫಲವೇ ಈ ಕೇಂದ್ರ. ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ದಾರಿಯಲ್ಲಿ, ಇಂದ್ರಾಳಿಯಲ್ಲಿ ಅದು ಗುರುಕುಲದ ರೀತಿಯಲ್ಲಿ ನಡೆದುಬಂದಿದೆ. ವಿದ್ಯಾರ್ಥಿಗಳು ಅಲ್ಲಿಯೇ ಇದ್ದು ಹೆಜ್ಜೆ, ತಾಳ, ಹಾಡು, ವೇಷಗಾರಿಕೆಗಳನ್ನು ಕಲಿಯುತ್ತಾರೆ.

ಕೇಂದ್ರಕ್ಕೆ ದೊರೆತ ಗುರುಗಳೂ ಸಾಮಾನ್ಯರಲ್ಲ. ಹಳೆಯ ಮಟ್ಟುಗಳ ಭಂಡಾರವೇ ಆಗಿದ್ದ ನೀಲಾವರ ರಾಮಕೃಷ್ಣಯ್ಯನವರು ಭಾಗವತಿಕೆಯನ್ನು ಕಲಿಸಿದರು. ಹಿರಿಯಡಕ ಗೋಪಾಲರಾಯರು ಮದ್ದಳೆಯ ಗುರುಗಳಾದರು. ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿರುವ ಊರು ಹಿರಿಯಡಕ. 1919ರಲ್ಲಿ ಹುಟ್ಟಿದ ಗೋಪಾಲರಾಯರು ಏರುಶ್ರುತಿಯ ಮದ್ದಳೆಯನ್ನು ಬಳಕೆಗೆ ತಂದು, ಅದರ ನಾದಕ್ಕೆ ಹೊಸ ಕಾಂತಿಯನ್ನು ನೀಡಿದವರು. ನೂರು ವರ್ಷಗಳ ತುಂಬುಜೀವನವನ್ನು ದಾಟಿ ಅವರು 2020ರಲ್ಲಿ ನಿಧನ ಹೊಂದಿದರು. ಕೇಂದ್ರದಲ್ಲಿ ಕಲಿತು, ಮುಂದೆ ಅಲ್ಲಿಯೇ ಗುರುವಾಗಿ ಅನೇಕ ಶಿಷ್ಯರನ್ನು ತಯಾರಿಸಿದವರು ಬನ್ನಂಜೆ ಸಂಜೀವ ಸುವರ್ಣರು. ಹೆಚ್ಚಿನ ಶಾಲಾಶಿಕ್ಷಣವಿಲ್ಲದೆ, ಬಡತನದಲ್ಲಿ ಬೆಳೆದು, ಕುಣಿತವನ್ನೇ ವಿದ್ಯೆಯಾಗಿಸಿಕೊಂಡವರು ಅವರು. ಹೀಗೆ ಒಂದು ದೀಪದಿಂದ ಇನ್ನೊಂದು ದೀಪವು ಹೊತ್ತಿಕೊಂಡಿತು. ಯಕ್ಷರಂಗದ ತಂಡವು ನಾಡಿನ ನಾನಾ ಕಡೆಗಳಲ್ಲಿಯೂ ವಿದೇಶಗಳಲ್ಲಿಯೂ ಪ್ರದರ್ಶನಗಳನ್ನು ನೀಡಿತು. ಕನ್ನಡದ ಒಂದಕ್ಷರವನ್ನೂ ಅರಿಯದ ಜನರು ಕರಾವಳಿಯ ಚಂಡೆಯ ನಾದವನ್ನು ಕೇಳಿದರು.

ಈ ಪ್ರದರ್ಶನಗಳಲ್ಲಿ ಕಾರಂತರು ಕೇವಲ ದೂರದಿಂದ ನಿರ್ದೇಶಿಸುವವರಾಗಿರಲಿಲ್ಲ. ಕುಣಿತವನ್ನು ಕಲಿಸುವಾಗ ತಾವೇ ಕುಣಿದು ತೋರಿಸುತ್ತಿದ್ದರು. ಇಳಿವಯಸ್ಸಿನಲ್ಲಿಯೂ ಗೆಜ್ಜೆ ಕಟ್ಟಿ ಹೆಜ್ಜೆಯಿಡಲು ಅವರು ಹಿಂಜರಿಯಲಿಲ್ಲ. ತಮಗೆ ಸರಿಯೆಂದು ಕಂಡುದನ್ನು ಹೇಳಲು ಎಂದೂ ಅಂಜದ ಸ್ವಭಾವ ಅವರದು. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣ ಪ್ರಶಸ್ತಿಯನ್ನು ಸರಕಾರಕ್ಕೆ ಹಿಂದಿರುಗಿಸಿದವರು ಅವರು. ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ 1977ರ ಜ್ಞಾನಪೀಠ ಪ್ರಶಸ್ತಿ ಬಂದಾಗ ಇಡೀ ದೇಶವೇ ಅವರತ್ತ ನೋಡಿತು. ಆ ಕೀರ್ತಿಯ ನಡುವೆಯೂ ಅವರ ಯಕ್ಷಗಾನದ ಕೆಲಸ ನಿಲ್ಲಲಿಲ್ಲ. ಬಾಳಿನ ಕೊನೆಯ ದಶಕಗಳಲ್ಲಿ ಹುಟ್ಟೂರಿಗೆ ಸಮೀಪದ ಸಾಲಿಗ್ರಾಮದಲ್ಲಿ ನೆಲೆಸಿದರು. 1997ರ ಡಿಸೆಂಬರ್ 9ರಂದು ಮಣಿಪಾಲದ ಆಸ್ಪತ್ರೆಯಲ್ಲಿ, ತೊಂಬತ್ತೈದು ವರ್ಷ ತುಂಬಿದ ಬಳಿಕ, ಕೊನೆಯುಸಿರೆಳೆದರು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಉಡುಪಿಯು ಪ್ರತ್ಯೇಕ ಜಿಲ್ಲೆಯಾಗಿ ರೂಪುಗೊಂಡಿದ್ದಿತು.

ಕಾರಂತರು ನೆಟ್ಟುದರಲ್ಲಿ ಯಾವುದು ಚಿಗುರಿತು, ಯಾವುದು ಒಣಗಿತು ಎಂಬುದನ್ನು ಇಂದು ನಿಷ್ಪಕ್ಷಪಾತವಾಗಿ ನೋಡಬಹುದು. ವಯೊಲಿನ್, ಸ್ಯಾಕ್ಸೊಫೋನ್‌ಗಳು ವೃತ್ತಿಮೇಳಗಳ ಹಿಮ್ಮೇಳದಲ್ಲಿ ನೆಲೆಯೂರಲಿಲ್ಲ. ಅಲ್ಲಿ ಇಂದಿಗೂ ಚಂಡೆ ಮದ್ದಳೆಗಳದೇ ಆಳ್ವಿಕೆ. ಮಾತಿಲ್ಲದ ಯಕ್ಷಗಾನವು ಮಾತುಳ್ಳ ಯಕ್ಷಗಾನದ ಸ್ಥಾನವನ್ನು ಆಕ್ರಮಿಸಲಿಲ್ಲ. ಅರ್ಥಗಾರಿಕೆಯನ್ನು ಜನರು ಬಿಟ್ಟುಕೊಡಲಿಲ್ಲ. ಟೀಕಾಕಾರರ ಭಯಕ್ಕೆ ಕಾಲವೇ ಹೀಗೆ ಉತ್ತರ ಹೇಳಿತು. ಆದರೆ ಪ್ರಸಂಗವನ್ನು ಅಡಕಗೊಳಿಸಿ ಕೆಲವೇ ಗಂಟೆಗಳಲ್ಲಿ ಆಡುವ ಕಾಲಮಿತಿಯ ಪ್ರದರ್ಶನಗಳು ಇಂದು ಎಲ್ಲೆಡೆ ರೂಢಿಗೆ ಬಂದಿವೆ. ವೇಷಗಳಲ್ಲಿ ಪರಂಪರೆಯ ಅಂದವನ್ನು ಕಾಯಬೇಕೆಂಬ ಎಚ್ಚರವು ಮೂಡಿದೆ. ಶಾಲಾ ಬಾಲಕರೂ ಬಾಲಕಿಯರೂ ಕ್ರಮವಾಗಿ ಪಾಠ ಹೇಳಿಸಿಕೊಂಡು ಗೆಜ್ಜೆ ಕಟ್ಟುತ್ತಿದ್ದಾರೆ. ಎಲ್ಲಕ್ಕಿಂತ ಮಿಗಿಲಾಗಿ, ಯಕ್ಷಗಾನವು ಗಂಭೀರವಾದ ವಿಚಾರಕ್ಕೂ ಅಧ್ಯಯನಕ್ಕೂ ಅರ್ಹವಾದ ಕಲೆಯೆಂಬ ಮನ್ನಣೆ ನೆಲೆಗೊಂಡಿದೆ.

ಹಿರಿಯರು ಬಿಟ್ಟುಹೋದ ಕಲೆಯು ಹಳೆಯ ಮನೆಯಂತೆ. ಒಂದು ಕಲ್ಲನ್ನೂ ಮುಟ್ಟಬಾರದೆಂದು ಬಾಗಿಲು ಮುಚ್ಚಿಟ್ಟರೆ ಗೆದ್ದಲು ತಿನ್ನುತ್ತದೆ. ಹಿಂದುಮುಂದು ನೋಡದೆ ಗೋಡೆ ಒಡೆದರೆ ಮಾಡೇ ಕುಸಿಯುತ್ತದೆ. ಯಾವ ಕಂಬದ ಮೇಲೆ ಮಾಡು ನಿಂತಿದೆ ಎಂಬುದನ್ನು ಮೊದಲು ಅರಿಯಬೇಕು; ಬಳಿಕ ಕಿಟಕಿಯನ್ನು ತೆರೆಯಬೇಕು. ಕಾರಂತರು ತೆರೆದ ಕಿಟಕಿಗಳಲ್ಲಿ ಕೆಲವನ್ನು ಜನರು ಮತ್ತೆ ಮುಚ್ಚಿರಬಹುದು. ಆದರೆ ಕಂಬಗಳನ್ನು ಎಣಿಸಿ, ತಟ್ಟಿ ನೋಡಿ, ಗಟ್ಟಿ ಯಾವುದು ಪೊಳ್ಳು ಯಾವುದು ಎಂದು ಬರೆದಿಟ್ಟವರು ಅವರು. ಮುಂದಿನ ತಲೆಮಾರಿನವನು ಕೋಟದ ಗದ್ದೆಯಲ್ಲಾಗಲಿ, ಕಾಪುವಿನ ಕಡಲ ತಡಿಯಲ್ಲಾಗಲಿ ರಂಗಸ್ಥಳವನ್ನು ಕಟ್ಟುವಾಗ ಆ ಲೆಕ್ಕವು ಅವನಿಗೆ ಒದಗಿಬರುತ್ತದೆ.